ಅಗ್ಗದ ಫೀಡ್, ಗಟ್ಟಿ ಕೋಳಿ: ಬ್ರಾಯ್ಲರ್ ಸಾಕುವವರಿಗೆ ಹದಿಮೂರು ಸೂತ್ರಗಳು

ಬ್ರಾಯ್ಲರ್ ಸಾಕಣೆಯಲ್ಲಿ ನೂರು ರೂಪಾಯಿ ಖರ್ಚಾದರೆ ಅದರಲ್ಲಿ 65ರಿಂದ 70 ರೂಪಾಯಿ ಫೀಡಿಗೇ ಹೋಗುತ್ತದೆ. ಆ ಫೀಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳ, ಕಾಲು ಭಾಗಕ್ಕೂ ಮೇಲೆ ಸೋಯಾ ಹಿಂಡಿ. ಎರಡರ ಬೆಲೆಯೂ ಸಾಕುವವರ ಕೈಯಲ್ಲಿಲ್ಲ. 2021ರಲ್ಲಿ ಸೋಯಾ ಹಿಂಡಿ ಎಷ್ಟು ತುಟ್ಟಿಯಾಯಿತೆಂದರೆ, ಕುಲಾಂತರಿ ಸೋಯಾದ 12 ಲಕ್ಷ ಟನ್ ಹಿಂಡಿ ತರಿಸಿಕೊಳ್ಳಲು ಕೇಂದ್ರ ಸರ್ಕಾರವೇ ಅನುಮತಿ ಕೊಡಬೇಕಾಯಿತು. ಈಗ ದಾವಣಗೆರೆ, ಹಾವೇರಿಯ ಮೆಕ್ಕೆಜೋಳಕ್ಕೆ ಕೋಳಿಯ ಜೊತೆ ಎಥನಾಲ್ ಕಾರ್ಖಾನೆಯೂ ಪೈಪೋಟಿಗೆ ನಿಂತಿದೆ.

ಹೀಗಾಗಿ ಸಜ್ಜೆ, ನುಚ್ಚಕ್ಕಿ, ಎಥನಾಲ್ ಚರಟವಾದ ಡಿಡಿಜಿಎಸ್, ರೇಷ್ಮೆ ಹುಳು, ಹತ್ತಾರು ಬಗೆಯ ಹಿಂಡಿ ಎಲ್ಲವೂ ಫೀಡ್ ಮಿಕ್ಸರಿಗೆ ಬೀಳುತ್ತಿವೆ. ಬೀಳಲಿ, ತಪ್ಪೇನಿಲ್ಲ. ಆದರೆ ಅಗ್ಗದ ಪದಾರ್ಥದ ಉಳಿದ ಬಿಲ್ಲನ್ನು ಕಟ್ಟುವುದು ಕೋಳಿಯ ಕರುಳು ಮತ್ತು ಲಿವರ್. ಆ ಬಿಲ್ಲು ಎಲ್ಲಿಂದ ಬರುತ್ತದೆ, ಹೇಗೆ ತಪ್ಪಿಸಬೇಕು ಎಂಬುದೇ ಮುಂದಿನ ಮಾತು.

1. ಚೀಲದ ಬೆಲೆ ಬಿಡಿ, ಕೆಜಿ ಕೋಳಿಯ ಖರ್ಚು ಹಿಡಿಯಿರಿ

ಕೋಳಿ ಒಂದು ಕೆಜಿ ತೂಗಲು ಎಷ್ಟು ಕೆಜಿ ಫೀಡ್ ತಿಂದಿತು ಎಂಬುದೇ ಎಫ್‌ಸಿಆರ್. ಕೆಜಿಗೆ 40 ರೂಪಾಯಿಯ ಫೀಡ್, ಎಫ್‌ಸಿಆರ್ 1.6 ಎಂದಿಟ್ಟುಕೊಳ್ಳಿ. ಕೆಜಿ ಕೋಳಿಗೆ ಫೀಡಿನ ಖರ್ಚು 64 ರೂಪಾಯಿ. ಏನೋ ಬೆರೆಸಿ ಫೀಡಿನ ಬೆಲೆಯನ್ನು 38ಕ್ಕೆ ಇಳಿಸಿದಿರಿ, ಎಫ್‌ಸಿಆರ್ 1.7ಕ್ಕೆ ಏರಿತು. ಈಗ ಖರ್ಚು 64 ರೂಪಾಯಿ 60 ಪೈಸೆ. ಕೆಜಿ ಫೀಡಿನಲ್ಲಿ ಎರಡು ರೂಪಾಯಿ ಉಳಿಸಿ, ಕೆಜಿ ಕೋಳಿಯಲ್ಲಿ ಅರವತ್ತು ಪೈಸೆ ಕಳೆದುಕೊಂಡ ಲೆಕ್ಕ. ತೂಕ ಬರಲಿಲ್ಲವೆಂದು ಎರಡು ದಿನ ಹೆಚ್ಚು ಸಾಕಿದರೆ ಕೂಲಿ, ಕರೆಂಟು, ಸಾವು ಇದರ ಮೇಲೆ. ಹೊಸ ಪದಾರ್ಥದ ಬೆಲೆ ಕೇಳಿದ ದಿನವೇ ಈ ಗುಣಾಕಾರ ಮಾಡಿ.

2. ಮೊದಲ ಹತ್ತು ದಿನ ಪ್ರಯೋಗ ಬೇಡ

ಎಳೆ ಮರಿಯ ಕರುಳು ಇನ್ನೂ ಬೆಳೆಯುತ್ತಿರುತ್ತದೆ. ನಾರು, ಜಿಡ್ಡಿನ ಪಿಷ್ಟ, ಹಳಸಿದ ಕೊಬ್ಬು ಯಾವುದನ್ನೂ ಅದು ತಾಳದು. ಇಡೀ ಬ್ಯಾಚಿನಲ್ಲಿ ಪ್ರೀ-ಸ್ಟಾರ್ಟರ್ ಖರ್ಚಾಗುವುದೇ ಸ್ವಲ್ಪ, ಅಲ್ಲಿ ಜಿಪುಣತನ ಮಾಡಿದರೆ ಉಳಿಯುವುದು ಪುಡಿಗಾಸು. ಪರ್ಯಾಯ ಪದಾರ್ಥಗಳಿಗೆ ಸರಿಯಾದ ಜಾಗ ಫಿನಿಷರ್ ಫೀಡ್. ಸ್ಟಾರ್ಟರ್‌ನಲ್ಲಿ ಕೈ ಬಿಗಿಯಾಗಿರಲಿ.

3. ಬೂಷ್ಟಿನ ವಿಷಕ್ಕೆ ಹೆದರಿ, ನಿಜವಾಗಿಯೂ ಹೆದರಿ

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತವು. ರೋಗ ಯಾವುದೆಂದು ತಿಳಿಯದೆ ‘ಟರ್ಕಿ ಎಕ್ಸ್’ ಎಂದು ಹೆಸರಿಟ್ಟರು. ಕೊನೆಗೆ ಸಿಕ್ಕಿಬಿದ್ದದ್ದು ರೋಗಾಣುವಲ್ಲ, ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ. ಅದರಲ್ಲಿ ಬೆಳೆದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದದ್ದು ಆ ಪ್ರಕರಣದಿಂದಲೇ.

ನಮ್ಮಲ್ಲಿ ಈ ವಿಷ ಸಾಮಾನ್ಯವಾಗಿ ಕೋಳಿಯನ್ನು ಒಂದೇ ಏಟಿಗೆ ಕೊಲ್ಲುವುದಿಲ್ಲ, ಅದೇ ತೊಂದರೆ. ಲಿವರ್ ಹಳದಿಗಟ್ಟಿ ಊದಿಕೊಂಡು, ಮುಟ್ಟಿದರೆ ಪುಡಿಯಾಗುವಂತಾಗುತ್ತದೆ. ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ರಾಣಿಖೇತ್, ಗುಂಬೋರೊ ಲಸಿಕೆ ಹಾಕಿಸಿದ್ದರೂ ರೋಗ ಬರುತ್ತದೆ. ಸಾಕುವವರು ಲಸಿಕೆಯನ್ನು ಬೈಯುತ್ತಾರೆ, ಮರಿ ಕೊಟ್ಟವನನ್ನು ಬೈಯುತ್ತಾರೆ. ತಪ್ಪು ಗೋದಾಮಿನಲ್ಲಿರುತ್ತದೆ. ಕೋಳಿ ಫೀಡಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 1374 ಇಟ್ಟಿರುವ ಮಿತಿ 20 ಪಿಪಿಬಿ. ಅಂದರೆ ಒಂದು ಟನ್ ಫೀಡಿನಲ್ಲಿ 20 ಮಿಲಿಗ್ರಾಂ. ಕಣ್ಣಿಗೆ ಕಾಣುವ ಪ್ರಮಾಣವೇ ಅಲ್ಲ. ಆದ್ದರಿಂದ ಬೂಷ್ಟು ಕಾಣದಿದ್ದರೆ ವಿಷವಿಲ್ಲ ಎಂಬ ನಂಬಿಕೆ ಬೇಡ. ಬಿಸಿಲಿಗೆ ಹಾಕಿ ಬೂಷ್ಟು ಉದುರಿಸಿದರೂ, ಬಿಸಿ ಹಬೆಯಲ್ಲಿ ಪೆಲೆಟ್ ಮಾಡಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ.

ಮಾಡಬೇಕಾದ್ದು ಸರಳ. ಕಾಳಿನ ತೇವ ಶೇ 12–13 ದಾಟಬಾರದು. ಮೀಟರ್ ಇಲ್ಲದಿದ್ದರೆ ಒಣಗಿದ ಗಾಜಿನ ಬಾಟಲಿಗೆ ಒಂದಷ್ಟು ಕಾಳು, ಎರಡು ಚಮಚ ಒಣ ಉಪ್ಪು ಹಾಕಿ ಚೆನ್ನಾಗಿ ಕುಲುಕಿ. ಹತ್ತು ನಿಮಿಷ ಬಿಟ್ಟ ಮೇಲೆ ಉಪ್ಪು ಗಾಜಿಗೆ ಅಂಟಿಕೊಂಡಿದ್ದರೆ ತೇವ ಶೇ 15ಕ್ಕಿಂತ ಹೆಚ್ಚು, ಲೋಡನ್ನು ವಾಪಸ್ ಕಳಿಸಿ. ಅಂಟದಿದ್ದರೆ ಅರ್ಧ ಪರೀಕ್ಷೆಯಷ್ಟೇ ಮುಗಿದಂತೆ, 13 ಮತ್ತು 15ರ ನಡುವಿನ ತೇವವನ್ನು ಉಪ್ಪು ಹಿಡಿಯಲಾರದು. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ ಜೋಡಿಸಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ತಿಂಗಳಿನ ದಾಸ್ತಾನು ಇಡುವುದನ್ನೇ ಬಿಡಿ. ಟಾಕ್ಸಿನ್ ಬೈಂಡರ್ ಬಳಸಿ, ಆದರೆ ಅದರ ಮಿತಿ ತಿಳಿದಿರಲಿ: ಬೆಂಟೊನೈಟ್‌ನಂಥ ಜೇಡಿಮಣ್ಣಿನ ಬೈಂಡರ್ ಅಫ್ಲಾಟಾಕ್ಸಿನ್ ಹಿಡಿಯುತ್ತದೆ, ಬಾಯಲ್ಲಿ ಹುಣ್ಣೆಬ್ಬಿಸುವ ಟಿ-2 ವಿಷವನ್ನು ಹೆಚ್ಚೇನೂ ಹಿಡಿಯುವುದಿಲ್ಲ.

4. ಧಾನ್ಯ ಬದಲಿಸುವುದಾದರೆ ಸಜ್ಜೆಯಿಂದ ಶುರು ಮಾಡಿ

ಮೆಕ್ಕೆಜೋಳದ ಬದಲಿಗೆ ನನ್ನ ಮೊದಲ ಓಟು ಸಜ್ಜೆಗೆ. ಪ್ರೋಟೀನ್ ಮೆಕ್ಕೆಜೋಳದಲ್ಲಿ ಶೇ 8–9 ಇದ್ದರೆ ಸಜ್ಜೆಯಲ್ಲಿ ಶೇ 11ರ ಆಸುಪಾಸು. ಎಣ್ಣೆಯಂಶವೂ ಚೆನ್ನಾಗಿದೆ, ಕಾಟ ಕೊಡುವಷ್ಟು ಟ್ಯಾನಿನ್ ಇಲ್ಲ, ಅಫ್ಲಾಟಾಕ್ಸಿನ್ ಭಯವೂ ಮೆಕ್ಕೆಜೋಳಕ್ಕಿಂತ ಕಡಿಮೆ. ಕೊಪ್ಪಳ, ರಾಯಚೂರು, ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಕೈಗೆಟಕುವ ಧಾನ್ಯ. ಮೆಕ್ಕೆಜೋಳದ ಅರ್ಧದಷ್ಟನ್ನು ನಿರಾತಂಕವಾಗಿ ಬದಲಿಸಬಹುದು. ಕಾಳು ಸಣ್ಣದು, ಗಟ್ಟಿ. ಪುಡಿ ಮಾಡದೆ ಹಾಕಿದರೆ ಎಳೆ ಕೋಳಿಗಳ ಹಿಕ್ಕೆಯಲ್ಲಿ ಹಾಗೇ ಹೊರಬರುತ್ತದೆ. ಎರ್ಗಾಟ್ ಹಿಡಿದ ಕಪ್ಪು ಕಡ್ಡಿಯಂಥ ಕಾಳು ಕಂಡರೆ ಆ ಲೋಡ್ ಬೇಡವೇ ಬೇಡ.

ಎರಡನೆಯ ಓಟು ನುಚ್ಚಕ್ಕಿಗೆ. ಶಕ್ತಿ ಮೆಕ್ಕೆಜೋಳಕ್ಕೆ ಹತ್ತಿರ, ನಾರು ಬಹಳ ಕಡಿಮೆ. ಗಂಗಾವತಿ, ಸಿಂಧನೂರು, ಮಂಡ್ಯದಂಥ ಅಕ್ಕಿ ಗಿರಣಿಯ ಊರುಗಳ ಸುತ್ತ ಸುಲಭವಾಗಿ ಸಿಗುತ್ತದೆ.

ಒಂದು ಎಚ್ಚರಿಕೆ. ಸಜ್ಜೆಯಲ್ಲಾಗಲಿ ನುಚ್ಚಕ್ಕಿಯಲ್ಲಾಗಲಿ ಮೆಕ್ಕೆಜೋಳದ ಹಳದಿ ಬಣ್ಣದ್ರವ್ಯ ಇಲ್ಲ. ಕೋಳಿಯ ಕಾಲು, ಚರ್ಮ ಬಿಳುಚಿಕೊಳ್ಳುತ್ತದೆ. ಇದು ರೋಗವಲ್ಲ. ಆದರೆ ಖರೀದಿಗೆ ಬಂದ ವ್ಯಾಪಾರಿ ಬಿಳಿ ಕಾಲು ನೋಡಿ ‘ಸೀಕು ಕೋಳಿ’ ಎಂದು ರೇಟು ಇಳಿಸಬಹುದು. ಚರ್ಮ ಸುಲಿದು ಮಾರುವ ಕಡೆ ಈ ತಕರಾರಿಲ್ಲ. ಚರ್ಮದ ಸಮೇತ ಹೋಗುವ ಮಾರುಕಟ್ಟೆಯಾದರೆ ಫಿನಿಷರ್‌ನಲ್ಲಿ ಒಂದಷ್ಟು ಮೆಕ್ಕೆಜೋಳ ಉಳಿಸಿಕೊಳ್ಳಿ.

5. ಜೋಳದ ಬಣ್ಣ ನೋಡಿ ಮೋಸಹೋಗಬೇಡಿ

ಜೋಳದ ಶತ್ರು ಟ್ಯಾನಿನ್. ಅದು ಪ್ರೋಟೀನಿಗೆ ಅಂಟಿಕೊಂಡು ಜೀರ್ಣವಾಗದಂತೆ ತಡೆಯುತ್ತದೆ, ಹೆಚ್ಚಾದರೆ ಕೋಳಿಯ ಕಾಲಿನ ಮೂಳೆಯೂ ಸೊಟ್ಟಗಾಗುತ್ತದೆ. ನಮ್ಮ ಹಿಂಗಾರಿನ ಬಿಳಿ ಜೋಳಕ್ಕೆ ಆ ಭಯವಿಲ್ಲ, ಆದರೆ ಅದು ರೊಟ್ಟಿಯ ಜೋಳ, ಕೋಳಿಗೆ ಹಾಕುವ ಬೆಲೆಯಲ್ಲಿ ಸಿಗುವುದಿಲ್ಲ. ಫೀಡಿಗೆ ಬರುವುದು ಮಳೆಗೆ ಸಿಕ್ಕಿ ಕಪ್ಪಾದ ಮುಂಗಾರಿನ ಜೋಳ. ಅದಕ್ಕೆ ಮೂರನೆಯ ಸೂತ್ರದ ಪರೀಕ್ಷೆ ಮೊದಲು.

ಕೆಂಪು ಜೋಳದಲ್ಲೆಲ್ಲ ಟ್ಯಾನಿನ್ ಇರುತ್ತದೆಂದೂ ಇಲ್ಲ. ಬ್ಲೀಚ್ ದ್ರಾವಣಕ್ಕೆ ಸ್ವಲ್ಪ ಕಾಸ್ಟಿಕ್ ಸೋಡಾ ಸೇರಿಸಿ ಕಾಳನ್ನು ನೆನೆಸಿದರೆ ಟ್ಯಾನಿನ್ ಇರುವ ಕಾಳು ಕಪ್ಪಾಗುತ್ತದೆ, ಇಲ್ಲದ್ದು ಬೆಳ್ಳಗಾಗುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು, ಗಾಳಿಯಾಡುವ ಕಡೆ ಮಾಡಿ. ಮಕ್ಕಳು ಸುತ್ತ ಇರಬಾರದು.

6. ಡಿಡಿಜಿಎಸ್ ಕೊಳ್ಳುವಾಗ ಮೂಗು, ಕಣ್ಣು ಎರಡನ್ನೂ ತೆರೆದಿಡಿ

ಎಥನಾಲ್ ತೆಗೆದ ಮೇಲೆ ಉಳಿಯುವ ಒಣಗಿಸಿದ ಚರಟವೇ ಡಿಡಿಜಿಎಸ್. ಮೆಕ್ಕೆಜೋಳದ್ದಾದರೆ ಪ್ರೋಟೀನ್ ಶೇ 26–30, ಅಕ್ಕಿಯದಾದರೆ ಶೇ 45ರ ಸುಮಾರು. ಇದು ಇಂದು ಮಾರುಕಟ್ಟೆಯ ಅತಿ ದೊಡ್ಡ ಆಮಿಷ, ಅತಿ ಹೆಚ್ಚು ತಪ್ಪು ನಡೆಯುವುದೂ ಇಲ್ಲೇ.

ಕಾಳಿನ ಮೂರನೇ ಎರಡು ಭಾಗ ಪಿಷ್ಟ. ಅದು ಮದ್ಯಸಾರವಾಗಿ ಹೊರಟುಹೋಗುತ್ತದೆ. ಉಳಿದ ಮೂರನೇ ಒಂದು ಭಾಗದಲ್ಲಿ ಪ್ರೋಟೀನ್ ಮೂರು ಪಟ್ಟಾದಂತೆ ಬೂಷ್ಟಿನ ವಿಷವೂ ಮೂರು ಪಟ್ಟಾಗುತ್ತದೆ. ಕಾರ್ಖಾನೆಗೆ ಹೋದ ಮೆಕ್ಕೆಜೋಳದಲ್ಲಿ 20 ಪಿಪಿಬಿ ಇದ್ದರೆ ಡಿಡಿಜಿಎಸ್‌ನಲ್ಲಿ 60ರ ಹತ್ತಿರ. ಮನುಷ್ಯರು ತಿನ್ನಲಾಗದ, ಕೋಳಿಗೂ ಒಗ್ಗದ ಕಾಳು ಎಥನಾಲಿಗೆ ಹೋಗುವುದುಂಟು ಎಂಬುದನ್ನು ನೆನಪಿಡಿ. ಪ್ರಯೋಗಾಲಯದ ವರದಿ ಇಲ್ಲದೆ ಲಾರಿ ಇಳಿಸಿಕೊಳ್ಳಬೇಡಿ.

ಬಣ್ಣ ಹೊಂಬಣ್ಣವಾಗಿರಬೇಕು. ಕಾಫಿ ಪುಡಿಯಂತೆ ಕಂದಿ ಸುಟ್ಟ ವಾಸನೆ ಬಂದರೆ ಒಣಗಿಸುವಾಗ ಬೆಂದುಹೋಗಿದೆ ಎಂದರ್ಥ. ಮೊದಲು ಸುಡುವುದು ಲೈಸಿನ್ ಎಂಬ ಅಮೈನೊ ಆಮ್ಲ. ವರದಿಯಲ್ಲಿ ಪ್ರೋಟೀನ್ ಅಷ್ಟೇ ಇರುತ್ತದೆ, ಕೋಳಿಗೆ ದಕ್ಕುವುದಿಲ್ಲ.

ಇನ್ನೊಂದು ಕಳ್ಳದಾರಿ ಯೂರಿಯಾ. ಲ್ಯಾಬಿನಲ್ಲಿ ಸಾರಜನಕ ಅಳೆದು ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಎನ್ನುತ್ತಾರೆ. ಯೂರಿಯಾದಲ್ಲಿ ಸಾರಜನಕ ಶೇ 46. ಹಾಗಾಗಿ ನೂರು ಕೆಜಿಗೆ ಒಂದೇ ಕೆಜಿ ಯೂರಿಯಾ ಬೆರೆಸಿದರೆ ವರದಿಯಲ್ಲಿ ಪ್ರೋಟೀನ್ ಸುಮಾರು ಶೇ 2.9ರಷ್ಟು ಏರುತ್ತದೆ. ದನದ ಹೊಟ್ಟೆ ಅದನ್ನು ಒಂದಿಷ್ಟು ಬಳಸಿಕೊಳ್ಳಬಹುದು, ಕೋಳಿಗೆ ಅದು ಕಿಡ್ನಿಯ ಮೇಲಿನ ಹೊರೆ ಅಷ್ಟೇ. ಹಸಿ ಸೋಯಾಕಾಳಿನ ಪುಡಿಯೊಂದಿಗೆ ನೀರಲ್ಲಿ ಕಲಸಿ ಬೆಚ್ಚಗೆ ಮುಚ್ಚಿಟ್ಟಾಗ ಅಮೋನಿಯಾ ವಾಸನೆ ಎದ್ದರೆ ಯೂರಿಯಾದ ಗುಮಾನಿ ಗಟ್ಟಿ.

ಎಲ್ಲ ಸರಿಯಿದ್ದರೆ ಫಿನಿಷರ್‌ನಲ್ಲಿ ಶೇ 5ರಿಂದ ಶುರು ಮಾಡಿ, ಶೇ 10ಕ್ಕೆ ನಿಲ್ಲಿಸಿ.

7. ರೇಷ್ಮೆ ನಾಡಿನ ಪ್ರೋಟೀನನ್ನು ಮರೆಯಬೇಡಿ

ದೇಶದಲ್ಲಿ ಅತಿ ಹೆಚ್ಚು ರೇಷ್ಮೆ ತೆಗೆಯುವುದು ನಾವು. ರಾಮನಗರ, ಶಿಡ್ಲಘಟ್ಟದ ರೀಲಿಂಗ್ ಘಟಕಗಳಲ್ಲಿ ನೂಲು ಬಿಚ್ಚಿದ ಮೇಲೆ ಉಳಿಯುವ ಹುಳದಲ್ಲಿ, ಒಣಗಿಸಿದರೆ, ಶೇ 50ಕ್ಕೂ ಹೆಚ್ಚು ಪ್ರೋಟೀನ್ ಇದೆ. ಲೈಸಿನ್, ಮೆಥಿಯೊನಿನ್ ಎರಡೂ ಧಾರಾಳ. ಮೀನಿನ ಪುಡಿಗೆ ಸರಿಸಮ. ಹೊರದೇಶದ ಹುಳದ ಪುಡಿಯ ಬಗ್ಗೆ ಬಾಯಿ ಚಪ್ಪರಿಸುವ ನಾವು ಮನೆಯಂಗಳದ ಇದನ್ನು ಗಂಭೀರವಾಗಿ ತೆಗೆದುಕೊಂಡಿಲ್ಲ ಎಂಬುದು ನನ್ನ ದೂರು.

ಕಷ್ಟಗಳೂ ಇವೆ. ಬಿಸಿನೀರಿನಿಂದ ತೆಗೆದ ಹಸಿ ಹುಳು ಗಂಟೆಗಳಲ್ಲಿ ಕೊಳೆಯಲು ಶುರುವಾಗುತ್ತದೆ, ಅದೇ ದಿನ ಒಣಗಿಸಬೇಕು. ಕಾಲು ಭಾಗಕ್ಕೂ ಹೆಚ್ಚು ಎಣ್ಣೆಯಿರುವುದರಿಂದ ಬೇಗ ಕಮಟುತ್ತದೆ, ಕಮಟಿದ್ದನ್ನು ತಿನ್ನಿಸಿದರೆ ಮಾಂಸಕ್ಕೂ ವಾಸನೆ ಹತ್ತಬಹುದು. ಆದ್ದರಿಂದ ಎಣ್ಣೆ ತೆಗೆದ ಪುಡಿಯನ್ನೇ ಕೇಳಿ, ಮಿತವಾಗಿ ಬಳಸಿ, ಮಾರುವ ಮುಂಚಿನ ಒಂದು ವಾರ ನಿಲ್ಲಿಸಿ.

ಇನ್ನು ಮಂಗಳೂರು, ಮಲ್ಪೆ ಕಡೆಯ ಮೀನಿನ ಪುಡಿ. ಒಳ್ಳೆಯದಾದರೆ ಅದಕ್ಕೆ ಸಾಟಿಯಿಲ್ಲ. ಆದರೆ ಮರಳು, ಉಪ್ಪು, ಯೂರಿಯಾ ಮೂರೂ ಸೇರುವ ಸರಕು ಅದು. ಶೇ 15ರಷ್ಟು ಉಪ್ಪಿರುವ ಒಣಮೀನನ್ನು ಫೀಡಿಗೆ ಶೇ 5 ಹಾಕಿದರೆ ಅಷ್ಟರಿಂದಲೇ ಶೇ 0.75 ಉಪ್ಪು ಸೇರಿತು. ಕೋಳಿಗೆ ಒಟ್ಟು ಬೇಕಾದದ್ದರ ಇಮ್ಮಡಿಯಷ್ಟು. ಕೋಳಿ ನೀರು ಕುಡಿದು ಕುಡಿದು ಲಿಟರ್ ಕೆಸರಾಗುತ್ತದೆ, ಹೊಟ್ಟೆಯಲ್ಲಿ ನೀರು ತುಂಬಿ ಸಾಯುವುದೂ ಉಂಟು. ಅತಿಯಾಗಿ ಕಾಯಿಸಿದ ಮೀನಿನ ಪುಡಿಯಲ್ಲಿ ಗಿಜರೋಸಿನ್ ಎಂಬ ವಸ್ತು ಹುಟ್ಟಿ ಗಿಜರ್ಡಿನ ಒಳಪದರವನ್ನೇ ತಿಂದುಹಾಕುತ್ತದೆ.

8. ಹಿಂಡಿಯ ಜಾತಕ ಓದಿ

ಶೇಂಗಾ ಹಿಂಡಿ: ಅಫ್ಲಾಟಾಕ್ಸಿನ್ ಪರೀಕ್ಷೆಯಿಲ್ಲದೆ ಬೇಡ. ಸೂರ್ಯಕಾಂತಿ ಹಿಂಡಿ: ದೊಡ್ಡ ವಿಷವೇನಿಲ್ಲ, ಸಿಪ್ಪೆಯ ನಾರೇ ಸಮಸ್ಯೆ. ಸಿಪ್ಪೆ ತೆಗೆದದ್ದು ಸಿಕ್ಕರೆ ಒಳ್ಳೆಯದು. ಹತ್ತಿಬೀಜದ ಹಿಂಡಿ: ಗಾಸಿಪಾಲ್ ಇದೆ, ಅದು ಲೈಸಿನ್ನನ್ನೂ ಕಬ್ಬಿಣವನ್ನೂ ಕಟ್ಟಿಹಾಕುತ್ತದೆ, ದನಕ್ಕೇ ಬಿಡಿ. ಎಳ್ಳು ಹಿಂಡಿ: ಮೆಥಿಯೊನಿನ್ ಹೇರಳ, ಆದರೆ ಅದರ ಆಕ್ಸಲೇಟು, ಫೈಟೇಟು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತವೆ. ತಿಪಟೂರು ಕಡೆಯ ಕೊಬ್ಬರಿ ಹಿಂಡಿ: ಮ್ಯಾನನ್ ಎಂಬ ನಾರು ಹೆಚ್ಚು, ಲೈಸಿನ್ ಕಡಿಮೆ. ಗೋರಿಕಾಯಿ ಬೀಜದ ಹಿಂಡಿ, ಅಂದರೆ ಗೌರ್ ಮೀಲ್: ಪ್ರೋಟೀನ್ ಸಮೃದ್ಧ, ಉಳಿದ ಗೋಂದಿನಿಂದ ಹಿಕ್ಕೆ ಅಂಟಂಟಾಗುತ್ತದೆ, ಶೇ 5 ದಾಟಬೇಡಿ.

ತೌಡಿನದೂ ಒಂದು ಮಾತು. ಎಣ್ಣೆಯಿರುವ ತೌಡು ಗಿರಣಿಯಿಂದ ಬಂದ ತಕ್ಷಣದಿಂದಲೇ ಕಮಟತೊಡಗುತ್ತದೆ. ಕಮಟಿದ ಕೊಬ್ಬು ಫೀಡಿನ ವಿಟಮಿನ್ ಇ ನಾಶ ಮಾಡುತ್ತದೆ, ಮರಿಗಳು ಕತ್ತು ತಿರುಚಿಕೊಂಡು ಬೀಳುತ್ತವೆ. ಅದನ್ನು ರಾಣಿಖೇತ್ ಎಂದು ತಪ್ಪು ತಿಳಿಯುವವರು ಬಹಳ.

ಹೊಂಗೆ ಹಿಂಡಿ, ಬೇವಿನ ಹಿಂಡಿ, ಹರಳು ಹಿಂಡಿ ಇವು ಗೊಬ್ಬರ. ‘ಸಂಸ್ಕರಿಸಿದ್ದು’ ಎಂದು ಯಾರು ಹೇಳಿದರೂ ಕೋಳಿಮನೆಗೆ ಬೇಡ.

9. ಪ್ರೋಟೀನ್ ಶೇಕಡಾವಾರು ನೋಡಿ ಸಮ ಎನ್ನಬೇಡಿ

ಸೋಯಾ ಹಿಂಡಿಯಲ್ಲೂ ಶೇಂಗಾ ಹಿಂಡಿಯಲ್ಲೂ ಪ್ರೋಟೀನ್ ಶೇ 45ರ ಸುಮಾರು. ಆದರೆ ಸೋಯಾದಲ್ಲಿ ಲೈಸಿನ್ ಶೇ 2.8ರಷ್ಟಿದ್ದರೆ ಶೇಂಗಾದಲ್ಲಿ ಅದರ ಅರ್ಧಕ್ಕಿಂತ ತುಸು ಮೇಲೆ. ಎದೆಮಾಂಸ ಕಟ್ಟುವುದು ಲೈಸಿನ್, ಪುಕ್ಕ ಬರಿಸುವಲ್ಲಿ ಮೆಥಿಯೊನಿನ್ ಪಾತ್ರ ದೊಡ್ಡದು. ಕೊರತೆಯಾದಾಗ ಕೋಳಿ ಹೆಚ್ಚು ತಿಂದು ಕೊಬ್ಬು ಕಟ್ಟುತ್ತದೆ, ಉಳಿದ ಪ್ರೋಟೀನನ್ನು ಯೂರಿಕ್ ಆಮ್ಲ ಮಾಡಿ ಹೊರಹಾಕುತ್ತದೆ, ಶೆಡ್ಡಿನಲ್ಲಿ ಅಮೋನಿಯಾ ಕಣ್ಣುರಿಸುತ್ತದೆ. ಹಿಂಡಿ ಬದಲಿಸಿದಾಗಲೆಲ್ಲ ಲೈಸಿನ್, ಮೆಥಿಯೊನಿನ್, ಥ್ರಿಯೊನಿನ್ ಲೆಕ್ಕವನ್ನು ಜೀರ್ಣವಾಗುವ ಪ್ರಮಾಣದಲ್ಲೇ ಹೊಸದಾಗಿ ಹಾಕಿಸಿ, ಕೊರತೆಯನ್ನು ಪುಡಿ ರೂಪದಲ್ಲಿ ಸೇರಿಸಿ.

10. ಸೋಯಾಕಾಳು ಹಸಿಯಾಗಿ ಬೇಡ

ಬೀದರ್, ಬೆಳಗಾವಿ, ಧಾರವಾಡದಲ್ಲಿ ಸೋಯಾ ಬೆಳೆಯುವವರು ‘ನಮ್ಮದೇ ಕಾಳು’ ಎಂದು ಹಾಗೇ ಪುಡಿ ಮಾಡಿ ಹಾಕುವುದುಂಟು. ಹಸಿ ಸೋಯಾದ ಟ್ರಿಪ್ಸಿನ್ ನಿರೋಧಕ ಪ್ರೋಟೀನ್ ಜೀರ್ಣವಾಗುವುದನ್ನೇ ತಡೆಯುತ್ತದೆ, ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ಹದವಾಗಿ ಹುರಿದರೆ ಅದೇ ಕಾಳು ಎಣ್ಣೆ, ಪ್ರೋಟೀನ್ ಎರಡನ್ನೂ ಕೊಡುತ್ತದೆ. ಹದ ತಿಳಿಯಲು ಯೂರಿಯೇಸ್ ಪರೀಕ್ಷೆ ಮಾಡಿಸಿ.

11. ಲಿಟರ್ ಒದ್ದೆಯಾದರೆ ಆ್ಯಂಟಿಬಯೊಟಿಕ್‌ಗೆ ಓಡಬೇಡಿ

ಗೋಧಿ, ತೌಡು, ಗೌರ್, ಕೊಬ್ಬರಿ ಹಿಂಡಿಯಲ್ಲಿ ಕೋಳಿ ಅರಗಿಸಿಕೊಳ್ಳಲಾಗದ ನಾರು ಇದೆ. ಗೋಧಿ, ಗೌರ್‌ನ ನಾರು ಕರುಳಿನಲ್ಲಿ ಗಂಜಿಯಂತೆ ಜಿಡ್ಡಾಗುತ್ತದೆ. ಅರ್ಧ ಜೀರ್ಣವಾದ ಆಹಾರ ಕೆಳಗಿನ ಕರುಳಿಗೆ ಇಳಿದಾಗ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾಕ್ಕೆ ಹಬ್ಬ, ಕರುಳಿನ ಗೋಡೆ ಕೊಳೆಯುವ ನೆಕ್ರೋಟಿಕ್ ಎಂಟರೈಟಿಸ್ ಶುರು. ಒದ್ದೆ ಲಿಟರಿನಿಂದ ಪಾದ ಹುಣ್ಣಾಗುತ್ತದೆ, ಕಾಕ್ಸಿಡಿಯೋಸಿಸ್ ಹೆಚ್ಚುತ್ತದೆ.

ನಾರಿಗೆ ತಕ್ಕ ಎಂಜೈಮ್ ಹಾಕಿ: ಗೋಧಿ, ತೌಡಿಗೆ ಜೈಲನೇಸ್, ಗೌರ್, ಕೊಬ್ಬರಿಗೆ ಮ್ಯಾನನೇಸ್, ಬಹುತೇಕ ಎಲ್ಲಕ್ಕೂ ಫೈಟೇಸ್. ಕಾರಣ ಫೀಡಿನಲ್ಲಿದ್ದರೆ ಔಷಧಿ ಎಷ್ಟು ದಿನ ಕೊಟ್ಟರೂ ನಿಂತ ಮೇಲೆ ಮತ್ತೆ ಅದೇ ಕಥೆ. ಕೊಲಿಸ್ಟಿನ್ ಅನ್ನಂತೂ ಕೇಂದ್ರ ಸರ್ಕಾರ 2019ರಲ್ಲೇ ಆಹಾರಪ್ರಾಣಿಗಳಿಗೆ ನಿಷೇಧಿಸಿದೆ. ಯಾರಾದರೂ ಕೈಗಿತ್ತರೆ ತೆಗೆದುಕೊಳ್ಳಬೇಡಿ.

12. ಫ್ಯಾಷನ್ ಪದಾರ್ಥಕ್ಕೆ ಕಾದು ನೋಡಿ

ಅಜೋಲಾದಲ್ಲಿ ಶೇ 90ಕ್ಕೂ ಹೆಚ್ಚು ಪಾಲು ನೀರು. ಹಿತ್ತಲ ನಾಟಿ ಕೋಳಿಗೆ ಚೆನ್ನ, ಐದಾರು ವಾರದಲ್ಲಿ ಎರಡು ಕೆಜಿ ತೂಗಬೇಕಾದ ಬ್ರಾಯ್ಲರಿಗೆ ಹೊಟ್ಟೆ ತುಂಬಿಸುತ್ತದೆ, ತೂಕ ಕೊಡುವುದಿಲ್ಲ. ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳು ನಿಜಕ್ಕೂ ಒಳ್ಳೆಯ ಪದಾರ್ಥ. ಅದರ ಲಾರಿಕ್ ಆಮ್ಲ ಕರುಳಿಗೂ ಹಿತ, ಯುರೋಪಿಯನ್ ಒಕ್ಕೂಟ 2021ರಲ್ಲಿ ಕೋಳಿಗೆ ಒಪ್ಪಿಗೆ ಕೊಟ್ಟಿದೆ. ನಮ್ಮಲ್ಲಿ ಬೆಲೆ ಸೋಯಾದ ಹತ್ತಿರಕ್ಕೆ ಬಂದ ದಿನ ಮಾತಾಡೋಣ.

13. ಮೊದಲು ಒಂದು ಮೂಲೆಯಲ್ಲಿ ಮಾಡಿ ನೋಡಿ, ಮಾದರಿ ಎತ್ತಿಡಿ

ಹೊಸ ಫೀಡನ್ನು ಇಡೀ ಶೆಡ್ಡಿಗೆ ಸುರಿಯಬೇಡಿ. ಜಾಲರಿ ಕಟ್ಟಿ ಇನ್ನೂರು ಕೋಳಿ ಬೇರೆ ಮಾಡಿ. ಹಳೆಯದರ ಜೊತೆ ಬೆರೆಸುತ್ತ ನಾಲ್ಕೈದು ದಿನದಲ್ಲಿ ಬದಲಿಸಿ. ವಾರಕ್ಕೊಮ್ಮೆ ತೂಕ ಹಿಡಿಯಿರಿ. ನೀರು ಫೀಡಿನ ಸುಮಾರು ಎರಡು ಪಟ್ಟು ಖರ್ಚಾಗುವುದು ಸಹಜ. ಸೆಖೆ ಏರದೆ ನೀರು ಏರಿದರೆ ಉಪ್ಪನ್ನು ಅನುಮಾನಿಸಿ. ಸತ್ತ ಕೋಳಿಯನ್ನು ಹೂಳುವ ಮುಂಚೆ ಪಶುವೈದ್ಯರಿಂದ ಕೊಯ್ಯಿಸಿ, ಲಿವರ್, ಗಿಜರ್ಡ್, ಕರುಳು ನೋಡಿಸಿ. ಮೊದಲ ವಾರದ ಮರಿಯ ಲಿವರ್ ಹಳದಿಯಿದ್ದರೆ ಗಾಬರಿ ಬೇಡ, ಅದು ಮೊಟ್ಟೆಯ ಹಳದಿಯ ಬಣ್ಣ. ಮೂರನೇ ವಾರದಲ್ಲೂ ಹಾಗೇ ಇದ್ದರೆ ಫೀಡನ್ನು ಪರೀಕ್ಷೆಗೆ ಕಳಿಸಿ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಪೌಷ್ಟಿಕಾಂಶ ವಿಭಾಗದವರನ್ನು ಕಂಡು ಮಾತಾಡಿ. ಬೆಂಗಳೂರಿನ ಆಡುಗೋಡಿಯಲ್ಲಿ ಪ್ರಾಣಿ ಪೋಷಣೆಗೆಂದೇ ಒಂದು ರಾಷ್ಟ್ರೀಯ ಸಂಸ್ಥೆಯಿದೆ.

ಕಂಪನಿಯ ಗುತ್ತಿಗೆಯಲ್ಲಿ ಸಾಕುವವರು ‘ಫೀಡ್ ನಮ್ಮದಲ್ಲವಲ್ಲ’ ಎನ್ನಬಹುದು. ಫೀಡ್ ನಿಮ್ಮದಲ್ಲ ನಿಜ, ಎಫ್‌ಸಿಆರ್ ಕೆಟ್ಟರೆ ಕಡಿತವಾಗುವುದು ನಿಮ್ಮ ಸಾಕಣೆ ಹಣವೇ. ಪ್ರತಿ ಲೋಡಿನಿಂದ ಅರ್ಧ ಕೆಜಿ ಫೀಡನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಬ್ಯಾಚ್ ನಂಬರ್ ಮತ್ತು ತಾರೀಖು ಬರೆದು, ಕೋಳಿ ಲೋಡಾಗಿ ಹಣ ಕೈಸೇರುವವರೆಗೆ ಜೋಪಾನ ಮಾಡಿ. ತಕರಾರು ಬಂದಾಗ ಸೂಪರ್‌ವೈಸರ್ ಮುಂದೆ ಇಡಲು ನಿಮ್ಮ ಹತ್ತಿರ ಬೇರೆ ಸಾಕ್ಷಿ ಇರುವುದಿಲ್ಲ.